ಆಯುಧ ಪೂಜೆಗೆ ವೈರ್ ಬಿಚ್ಚಿದವ

ನಾನು ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ. ಆಮೇಲಿನ ನನ್ನ ಶಾಲೆಯೆಲ್ಲ ಹುಬ್ಬಳ್ಳಿಯ ಗಲ್ಲಿಯೊಂದರ ಹೊಲಿಗೆ ಅಂಗಡಿ. ಕತ್ತರಿ ಹಿಡಿದ ಕೈ ಪೆನ್ನು ಹಿಡಿದರೆ ಸಾಲು ಡೊಂಕಾಗುತ್ತದೆ, ಆಗಲಿ. ಒಳಗೆ ಸಂತೋಷ ಉಕ್ಕುತ್ತಿರುವಾಗ ಸಾಲು ನೆಟ್ಟಗೆ ಬಾ ಅಂದರೆ ಎಲ್ಲಿಂದ ಬಂದೀತು? ಹಾಲು ಉಕ್ಕಿದರೆ ಒಲೆ ಹೊಲಸಾಗುವುದೇ. ನನ್ನ ಮೊಮ್ಮಗಳು ಗೆದ್ದಳು, ಅದನ್ನು ಬರೆಯದೆ ನನಗೆ ಉಂಡ ಅನ್ನ ಇಳಿಯುವುದಿಲ್ಲ. ಆದರೆ ಮೊದಲೇ ಹೇಳಿಬಿಡುತ್ತೇನೆ: ಇದರಲ್ಲಿ ಪ್ರೀತಿಯ ಮಾತು ಕಡಿಮೆ. ಆ ದಸರೆಯಲ್ಲಿ ಲಂಡನ್ನಿನ ಇಲ್ಫರ್ಡಿನಲ್ಲಿ ನನ್ನ ಮಗಳ ಮನೆಯೊಳಗೆ ಒಬ್ಬರು ಇನ್ನೊಬ್ಬರ ಜೊತೆ ನೆಟ್ಟಗೆ ಮಾತಾಡಿದ್ದೇ ಇಲ್ಲ.

ಜಗಳದ ಬೇರು ಒಂದು ಪೆಟ್ಟಿಗೆ. ಸಾಬೂನಿನ ಡಬ್ಬಿಯಷ್ಟು ದೊಡ್ಡದು, ಬಿಳಿ ಪ್ಲಾಸ್ಟಿಕ್ಕಿನದು, ಮೇಲೆ ಎರಡು ಸಣ್ಣ ದೀಪ. ನಮ್ಮ ಅಡುಗೆಮನೆಯ ಫ್ರಿಜ್ಜಿನ ತಲೆಯ ಮೇಲೆ ಅದು ಬಂದು ಕೂತದ್ದು ಬೇಸಿಗೆಯಲ್ಲಿ. ಅದರ ಹೊಟ್ಟೆಯಿಂದ ಹೊರಟ ಒಂದು ತೆಳ್ಳನೆಯ ತಂತಿ ಫ್ರಿಜ್ಜಿನ ಬಾಗಿಲ ಸಂದಿಯಿಂದ ಒಳಗೆ ನುಗ್ಗಿ, ಒಳಗಿನ ತಂಪು ಎಷ್ಟು ಎಂದು ನೋಡುತ್ತಿತ್ತು. ನೋಡಿದ್ದನ್ನು ಫೋನಿನ ಗಾಳಿಯಲ್ಲಿ ಕಳಿಸುತ್ತಿತ್ತು. ಮುದುಕರನ್ನು ನೋಡಿಕೊಳ್ಳುವ ಕೇರ್ ಹೋಮುಗಳಲ್ಲಿ ಇನ್ಸುಲಿನ್ ಇಡುವ ಫ್ರಿಜ್ ಇರುತ್ತವಂತೆ. ರಾತ್ರಿ ಯಾರೋ ಬಾಗಿಲು ಸರಿಯಾಗಿ ಹಾಕದಿದ್ದರೆ ಔಷಧ ಕೆಡುತ್ತದಂತೆ. ಅದನ್ನು ಕಾಯುವುದಕ್ಕೆ ಈ ಪೆಟ್ಟಿಗೆ. ನನ್ನ ಮೊಮ್ಮಗಳು ಅಕ್ಸ್‌ಬ್ರಿಡ್ಜಿನ ಒಂದು ಸಣ್ಣ ಕಂಪನಿಯಲ್ಲಿ ಇಂಥವನ್ನು ಮಾಡುವ ಕೆಲಸಕ್ಕೆ ಸೇರಿದ್ದಳು.

ಪೆಟ್ಟಿಗೆ ಕಾಯುವುದು ಔಷಧವನ್ನು, ಆದರೆ ನಮ್ಮ ಮನೆಯಲ್ಲಿ ಅದು ಕಾದದ್ದು ನನ್ನನ್ನು. ನನಗೆ ಸಕ್ಕರೆ ರೋಗ. ಫ್ರಿಜ್ಜಿನ ಕೆಳಗಿನ ಡಬ್ಬಿಯಲ್ಲಿ ಧಾರವಾಡ ಪೇಢೆ ಇರುತ್ತಿತ್ತು, ಬಂದವರಿಗೆ ಅಂತ. ಎಲ್ಲರೂ ಕೆಲಸಕ್ಕೆ ಹೋದ ಮೇಲೆ ನಾನು ಬಾಗಿಲು ತೆಗೆದು ಒಂದು ಚೂರು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ನನ್ನ ಫೋನು ಬಡಿದುಕೊಳ್ಳುತ್ತಿತ್ತು.

"ಅಜ್ಜಾ, ಫ್ರಿಜ್ ಡೋರ್ ಮುಚ್ಚು."

ಊರಿನ ಆ ತುದಿಯಲ್ಲಿ ಕೂತವಳಿಗೆ ಈ ತುದಿಯ ನನ್ನ ಬಾಯಿ ಕಾಣುತ್ತಿತ್ತು. ಸಂಜೆ ಅದನ್ನೇ ತಾಯಿಗೆ ಹೇಳುವಳು, ತಾಯಿ ನನಗೆ ಬಯ್ಯುವಳು. ನಮ್ಮ ಅಂಗಡಿಯ ಎದುರಿನ ಪಾನ್‌ಪಟ್ಟಿಯವ ಕೂಡ ಅಷ್ಟು ಚಾಡಿ ಹೇಳಿದವನಲ್ಲ. ನಾನು ಅದಕ್ಕೆ ಚಾಡಿಪೆಟ್ಟಿಗೆ ಅಂತಲೇ ಹೆಸರಿಟ್ಟೆ. ಹೋಗುತ್ತ ಬರುತ್ತ ಬಯ್ಯುತ್ತಿದ್ದೆ. ಈ ಬಯ್ಗುಳವೇ ಮುಂದೆ ನನ್ನ ಕೊರಳಿಗೆ ಬಂತು.

ಪೆಟ್ಟಿಗೆಯೊಳಗೆ ಏನಿದೆ ಅಂತ ಮೊಮ್ಮಗಳು ಒಂದು ದಿನ ಮುಚ್ಚಳ ತೆಗೆದು ತೋರಿಸಿದ್ದಳು. ಅಂಗಿಯ ಕಾಜದ ಮೇಲೆ ಇಟ್ಟರೆ ಕಾಜ ಮುಚ್ಚುವಷ್ಟೇ ದೊಡ್ಡದಾದ ಒಂದು ತಗಡಿನ ಚೌಕ. ಅದೇ ಮೋಡೆಮ್. ಸಿಮ್ಮಿನ ಜೊತೆ ಮಾತಾಡಿ ಸುದ್ದಿ ಕಳಿಸುವುದು ಅದರ ಕೆಲಸ. ಬೇರೆಯವರೆಲ್ಲ ಏನು ಮಾಡುತ್ತಾರಂತೆ ಅಂದರೆ, ಸುದ್ದಿ ಕಳಿಸುವುದಕ್ಕೆ ಈ ಚೌಕ, ಯೋಚನೆ ಮಾಡುವುದಕ್ಕೆ ಪಕ್ಕದಲ್ಲಿ ಇನ್ನೊಂದು ಚಿಪ್ಪು. ನನ್ನ ಮೊಮ್ಮಗಳು ಹೇಳಿದಳು: ಈ ಚೌಕದೊಳಗೇ ಒಂದು ಮಿದುಳು ಇದೆ, ಅರ್ಧ ಖಾಲಿ ಬಿದ್ದಿದೆ, ನನ್ನ ಪ್ರೋಗ್ರಾಮನ್ನು ಅದರೊಳಗೇ ಓಡಿಸುತ್ತೇನೆ, ಎರಡನೆಯ ಚಿಪ್ಪು ಯಾಕೆ?

"ಮೋಡೆಮ್ ಅಂದ್ರೆ ಮನೆ ಓನರ್, ಅಜ್ಜಾ. ನನ್ನ ಪ್ರೋಗ್ರಾಮ್ ಮೇಲಿನ ರೂಮಿನ ಲಾಡ್ಜರ್."

ಇಲ್ಫರ್ಡಿನಲ್ಲಿ ಇದ್ದವರಿಗೆ ಇದಕ್ಕಿಂತ ಚೆನ್ನಾಗಿ ಹೇಳಬೇಕಿಲ್ಲ. ನಮ್ಮ ಬೀದಿಯಲ್ಲಿ ಲಾಡ್ಜರ್, ಅಂದರೆ ರೂಮು ಬಾಡಿಗೆ ಹಿಡಿದವ, ಇಲ್ಲದ ಮನೆ ಒಂದಿದ್ದರೆ ತೋರಿಸಿ. "ಓನರ್ ಒಳ್ಳ್ಯಾವ ಅದಾನೇನು?" ಅಂತ ಕೇಳಿದೆ. "ಸ್ಟ್ರಿಕ್ಟ್," ಅಂದಳು.

ಅವಳ ಕಂಪನಿಯಲ್ಲಿ ಅವಳ ಮೇಲಿನವನೊಬ್ಬ ಇದ್ದ. ಗಡ್ಡದವ. ಎರಡು ಚಿಪ್ಪಿನ ಹಳೆಯ ಪೆಟ್ಟಿಗೆ ಮಾಡಿದವನು ಅವನೇ. ಹಾಗಾಗಿ ಇವಳ ಒಂದು ಚಿಪ್ಪು ಅವನ ಕಣ್ಣಿಗೆ ಬಿದ್ದ ಧೂಳು. ಲ್ಯಾಪ್‌ಟಾಪಿನ ಪರದೆಯ ಮೇಲೆ ಅವನ ಮುಖ ಬಂದರೆ ಇವಳ ಮುಖ ಸಣ್ಣದಾಗುತ್ತಿತ್ತು. ನನಗೆ ಇಂಗ್ಲಿಷ್ ಬಾರದು, ಆದರೆ ಹೀಯಾಳಿಸುವ ಧಾಟಿ ಯಾವ ಭಾಷೆಯಲ್ಲಾದರೂ ಒಂದೇ. ಉಳಿದದ್ದನ್ನು ಮಗಳು ಹೇಳಿದಳು. ದಸರೆಯ ಶನಿವಾರ, ರವಿವಾರ ಎರಡೂ ದಿನ ಪೆಟ್ಟಿಗೆ ಬಾಯಿ ಮುಚ್ಚದೆ ಸುದ್ದಿ ಕಳಿಸಿದರೆ ಇವಳ ರೀತಿಯೇ ಕಂಪನಿಯ ರೀತಿ. ತಪ್ಪಿದರೆ ಸೋಮವಾರದಿಂದ ಗಡ್ಡದವನ ಹಳೆಯ ಪೆಟ್ಟಿಗೆ, ಮತ್ತು ಇವಳಿಗೆ ಬಾಗಿಲು. ಇವಳಿನ್ನೂ ಪ್ರೊಬೇಶನ್ನಿನಲ್ಲಿ ಇದ್ದಳು. ಬಾಗಿಲು ತೋರಿಸುವುದಕ್ಕೆ ಅವರಿಗೆ ಕಾರಣವೂ ಬೇಕಿರಲಿಲ್ಲ.

ಅಷ್ಟು ತಿಂಗಳಿಂದ ಪೆಟ್ಟಿಗೆಗೆ ಒಂದು ದಪ್ಪ ಕರಿ ವೈರು ಸಿಕ್ಕಿಸಿ, ಇನ್ನೊಂದು ತುದಿಯನ್ನು ಊಟದ ಮೇಜಿನ ಲ್ಯಾಪ್‌ಟಾಪಿಗೆ ಕಟ್ಟಿರುತ್ತಿದ್ದಳು. ಪ್ರೋಗ್ರಾಮು ಒಳಗೆ ಏನೇನು ಮಾಡುತ್ತದೋ ಅದೆಲ್ಲ ಆ ವೈರಿನಲ್ಲಿ ಬಂದು ಪರದೆಯ ಮೇಲೆ ಇರುವೆ ಸಾಲಿನ ಹಾಗೆ ಇಳಿಯುತ್ತಿತ್ತು. ತಪ್ಪು ಹುಡುಕುವುದು ಅಂದರೆ ಆ ಇರುವೆಗಳನ್ನು ನೋಡುತ್ತ ಕೂರುವುದು. ಅವಳು ಹಾಗೆ ಕೂತಾಗ ನಾವು ರೊಟ್ಟಿಯ ತಾಟು ತೊಡೆಯ ಮೇಲೆ ಇಟ್ಟುಕೊಂಡು ಉಣ್ಣುತ್ತಿದ್ದೆವು. ಶನಿವಾರ ಪೆಟ್ಟಿಗೆ ತಪ್ಪದೆ ಮಾತಾಡಿತು. ರವಿವಾರ ಬೆಳಗಾಯಿತು. ಆಯುಧ ಪೂಜೆ.

ಊಟಕ್ಕೆ ಬೀಗರನ್ನು ಕರೆದಿದ್ದೆವು. ಅಳಿಯನ ತಂದೆ, ನಿವೃತ್ತ ಡಾಕ್ಟರು, ಮೈಸೂರಿನವರು, ಲಂಡನ್ನಿನ ಇನ್ನೊಂದು ಅಂಚಿನ ಸ್ಟ್ಯಾನ್ಮೋರಿನಲ್ಲಿ ಸುತ್ತ ಹುಲ್ಲು ಇರುವ ಮನೆ. ದರ್ಜಿಯ ಮಗಳನ್ನು ಸೊಸೆ ಮಾಡಿಕೊಳ್ಳುವುದು ಅವರಿಗೆ ಬೇಡವಾಗಿತ್ತು. ಮದುವೆಯ ದಿನವೇ ಅವರ ಪ್ಯಾಂಟಿನ ಕೆಳಗಂಚು ಬಿಚ್ಚಿಕೊಂಡಿತು. ಮಂಟಪದ ಹಿಂದೆ ನನ್ನ ಮುಂದೆ ಕಾಲು ಚಾಚಿ, "ನೀವೇ ಇದೀರಲ್ಲ, ಒಂದೆರಡು ಹೊಲಿಗೆ ಹಾಕ್ಬಿಡಿ" ಅಂದರು. ಹೆಣ್ಣಿನ ತಂದೆ, ತಲೆಗೆ ರೇಷ್ಮೆ ಪಟಕಾ ಸುತ್ತಿಕೊಂಡು, ನೆಲದ ಮೇಲೆ ಕೂತು ಬೀಗರ ಪ್ಯಾಂಟು ಹೊಲಿದೆ. ಆ ಹೊಲಿಗೆ ಇವತ್ತಿಗೂ ಬಿಟ್ಟಿರಲಿಕ್ಕಿಲ್ಲ, ಆ ಸಿಟ್ಟೂ ಬಿಟ್ಟಿಲ್ಲ.

ಈ ಆಯುಧ ಪೂಜೆಯ ದಿನ ಅಳಿಯ ಊರಲ್ಲಿ ಇರಲಿಲ್ಲ. ಬೀಗರು ಈಗ ಕಾರು ಓಡಿಸುವುದಿಲ್ಲ, ತೊಳೆದು ನಿಲ್ಲಿಸುತ್ತಾರೆ ಅಷ್ಟೆ. ಅವರನ್ನು ಕರೆತರಲು ತಾಯಿ ಮಗಳು ಇಬ್ಬರೂ ಹೋದರು. ಹೋಗುವಾಗ ಮೊಮ್ಮಗಳು ಫ್ರಿಜ್ಜಿನ ಕಡೆ ಬೆರಳು ಮಾಡಿ, "ಅಜ್ಜಾ, ಡೋಂಟ್ ಟಚ್" ಅಂದಳು. ಪೇಢೆಗೆ ಅಂದಳು ಅಂತ ನಾನು ತಿಳಿದೆ.

ನಾನು ಸ್ನಾನ ಮಾಡಿ, ನನ್ನ ಕತ್ತರಿ, ಟೇಪು, ಬೆರಳಿಗೆ ಹಾಕುವ ಟೊಪ್ಪಿಗೆ ಎಲ್ಲ ಒರೆಸಿದೆ. ಹೊಲಿಗೆ ಯಂತ್ರವನ್ನು ಹುಬ್ಬಳ್ಳಿಯಲ್ಲೇ ಬಿಟ್ಟು ಬಂದ ಮೇಲೆ ನನ್ನ ಪೂಜೆಗೆ ಯಂತ್ರ ಇರಲಿಲ್ಲ. ಫ್ರಿಜ್ಜಿನ ತಲೆಯ ಮೇಲೆ ಕಣ್ಣು ಹೋಯಿತು. ಈ ಮನೆಯಲ್ಲಿ ದುಡಿಯುವ ಯಂತ್ರ ಅಂದರೆ ಅದೇ ತಾನೆ? ಚಾಡಿ ಹೇಳಲಿ, ಏನೇ ಮಾಡಲಿ, ನನ್ನ ಮೊಮ್ಮಗಳ ಹೊಟ್ಟೆಪಾಡು. ವರ್ಷಕ್ಕೊಂದು ದಿನ ವೈರಿಯ ಕತ್ತಿಗೂ ಕುಂಕುಮ ಹಚ್ಚಬೇಕು. ಅದನ್ನು ದೇವರ ಮುಂದೆ ತರೋಣ ಅಂದರೆ ಫ್ರಿಜ್ಜಿನೊಳಗಿನ ತಂತಿ ಸಾಲದು. ಸರಿ, ಹತಾರುಗಳನ್ನೇ ಫ್ರಿಜ್ಜಿನ ಮೇಲೆ ಅದರ ಪಕ್ಕಕ್ಕೆ ಒಯ್ದೆ. ಮುಚ್ಚಳಕ್ಕೆ ವಿಭೂತಿ ಎಳೆದೆ, ಕುಂಕುಮ ಇಟ್ಟೆ, ಒಂದು ಚೆಂಡು ಹೂವು ಏರಿಸಿದೆ.

ಆಮೇಲೆ ವೈರು ಬಿಚ್ಚಿದೆ.

ಯಾಕೆ ಅಂದರೆ, ಆಯುಧ ಪೂಜೆಯ ದಿನ ನಮ್ಮ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಪಟ್ಟಾ ಬಿಚ್ಚಿ ಇಡುತ್ತಿದ್ದೆವು. ಮರೆತು ಯಾರಾದರೂ ಕಾಲು ಇಟ್ಟರೂ ಗಾಲಿ ತಿರುಗಬಾರದು. ಅವತ್ತು ಹತಾರಿಗೆ ರಜೆ. ಪೂಜೆ ಮಾಡಿ ಪಟ್ಟಾ ಹಾಕಿಯೇ ಬಿಡುವುದು ಅಂದರೆ ಎತ್ತಿಗೆ ಹಾರ ಹಾಕಿ ನೊಗ ಇಳಿಸದ ಹಾಗೆ. ಆ ಕರಿ ವೈರು ನನ್ನ ಕಣ್ಣಿಗೆ ಪಟ್ಟಾದ ಹಾಗೇ ಕಂಡಿತು. ಮೆತ್ತಗೆ ಎಳೆದು, ಸುತ್ತಿ, ಕತ್ತರಿಯ ಪಕ್ಕಕ್ಕೆ ಇಟ್ಟು ಕೈಮುಗಿದೆ. ಪೆಟ್ಟಿಗೆಯೊಳಗೆ ಬ್ಯಾಟರಿ ಇತ್ತು, ದೀಪ ಇನ್ನೂ ಮಿಂಚುತ್ತಿತ್ತು. ಮನಸ್ಸಿಗೆ ತಂಪಾಯಿತು. ಆ ಸಂತೋಷಕ್ಕೆ ಒಂದು ಪೇಢೆಯನ್ನೂ ತಿಂದೆ. ಫೋನು ಬಡಿಯಲಿಲ್ಲ. ದೇವರು ಮೆಚ್ಚಿದ ಅಂದುಕೊಂಡೆ.

ಅವರು ಬಾಗಿಲು ತೆಗೆದು ಬಂದದ್ದೇ ಬಿರುಗಾಳಿಯ ಹಾಗೆ. ಮೊಮ್ಮಗಳು ಚಪ್ಪಲಿ ಕೂಡ ಬಿಡದೆ ಅಡುಗೆಮನೆಗೆ ಓಡಿದಳು. ದಾರಿಯಲ್ಲೇ ಅವಳ ಫೋನಿಗೆ ಸುದ್ದಿ ಬಂದಿತ್ತು: ಪೆಟ್ಟಿಗೆ ಮಾತು ನಿಲ್ಲಿಸಿದೆ. ಫ್ರಿಜ್ಜಿನ ಮೇಲಿನ ಕುಂಕುಮ, ಹೂವು, ಸುತ್ತಿಟ್ಟ ವೈರು ನೋಡಿ ಅವಳು ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡಳು.

"ಅಜ್ಜಾ! ನಾನು ಹೇಳಿದೆ ತಾನೆ! ಟಚ್ ಮಾಡಬೇಡ ಅಂತ ಹೇಳಿದೆ ತಾನೆ!"

"ಪೂಜಾ ಮಾಡೀನಿ ಕೂಸ."

"ಇಟ್ಸ್ ಓವರ್. ನನ್ನ ಜಾಬ್ ಹೋಯ್ತು. ಅಮ್ಮಾ, ನನ್ನ ಜಾಬ್ ಹೋಯ್ತು."

ಮಗಳು ನನ್ನ ಕಡೆ ತಿರುಗಿದಳು. "ಯಪ್ಪಾ, ನಿನಗ ಅದರ ಮ್ಯಾಲ ಮೊದಲಿಂದಲೂ ಸಿಟ್ಟು. ದಿನಾ ಬಯ್ಯತಿದ್ದಿ. ಇವತ್ತು ಕೊಂದ್ಯಾ?"

"ಕೊಲ್ಲೋ ಮನಶ್ಯಾ ಹೂ ಏರಸ್ತಾನೇನು?"

ಬೀಗರು ಹಿಂದಿನಿಂದ ಬಂದು, ಕನ್ನಡಕ ಮೂಗಿನ ತುದಿಗೆ ಇಳಿಸಿ, ರೋಗಿಯನ್ನು ನೋಡುವ ಹಾಗೆ ಪೆಟ್ಟಿಗೆಯನ್ನು ನೋಡಿದರು. "ಎಲೆಕ್ಟ್ರಾನಿಕ್ಸ್ ಮೇಲೆ ಕುಂಕುಮ! ಏನ್ ಬೀಗ್ರೇ ಇದು, ಹೀಗ್ ಮಾಡ್ಬಿಟ್ರಲ್ಲ. ಒಳಗೆಲ್ಲ ಶಾರ್ಟ್ ಆಗಿರತ್ತೆ. ಸ್ವಲ್ಪ ತಿಳುವಳಿಕೆ ಬೇಡ್ವೇ?"

"ನಿಮ್ಮ ಕಾರಿನ ಗಾಲಿ ಕೆಳಗ ಇವತ್ತು ಏನ್ ಇಟ್ಟೀರಿ ಹೇಳ್ರಿ."

ಬೀಗರು ಕನ್ನಡಕವನ್ನು ಮತ್ತೆ ಮೇಲಕ್ಕೆ ಏರಿಸಿದರು. ಮಗಳ ತುಟಿ ಅಲ್ಲಾಡಿತು. ಅವಳು ಸ್ಟ್ಯಾನ್ಮೋರಿನಲ್ಲಿ ನೋಡಿ ಬಂದಿದ್ದಳು: ಓಡಿಸದ ಕಾರಿನ ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು, ಬಾನೆಟ್ಟಿಗೆ ಅಂಗೈಯಷ್ಟು ಕುಂಕುಮ.

"ಅದು ಸಂಪ್ರದಾಯ," ಅಂದರು ಬೀಗರು.

"ಹಂಗಾರ ಇದು ಏನ್ರಿ, ಜಾದೂನ?"

ಮೊಮ್ಮಗಳು ನಮ್ಮನ್ನು ಕೇಳಿಸಿಕೊಳ್ಳಲಿಲ್ಲ. ಬಟ್ಟೆಯಿಂದ ಕುಂಕುಮ ಒರೆಸಿ, ಮುಚ್ಚಳ ಬಿಚ್ಚಿ ಒಳಗೆ ಟಾರ್ಚು ಹಿಡಿದಳು. ಒಳಗೆ ಒಂದು ಕಣವೂ ಹೋಗಿರಲಿಲ್ಲ. ವೈರು ತಂದು ಸಿಕ್ಕಿಸಿದಳು. ಸಿಕ್ಕಿಸಿದ್ದೇ ತಡ, ಪರದೆಯ ಮೇಲೆ ಇರುವೆಗಳು ಸರಸರ ಇಳಿದವು. ಅವಳ ಫೋನಿಗೆ ತಂಪಿನ ಸುದ್ದಿಯೂ ಬಂತು. ಪೆಟ್ಟಿಗೆ ಸತ್ತಿರಲೇ ಇಲ್ಲ.

"ನೋಡ್ರಿ!" ಅಂದೆ ಬೀಗರಿಗೆ.

ಆ ಹೊತ್ತಿಗೇ ಗಡ್ಡದವನ ಕರೆ ಬಂತು. ರಜಾದಿನವೂ ಇವಳ ಪೆಟ್ಟಿಗೆ ಯಾವಾಗ ಬೀಳುತ್ತದೆ ಅಂತ ಕಾಯುತ್ತ ಕೂತಿದ್ದನೋ ಏನೋ. ಅವನು ನಗುತ್ತಲೇ ಮಾತಾಡಿದ. ಮಗಳು ಬಿಡಿಸಿ ಹೇಳಿದಂತೆ ಅವನ ಮಾತಿನ ಅರ್ಥ ಇಷ್ಟು: ನಾನು ಹೇಳಿರಲಿಲ್ಲವೇ? ಇನ್ನೊಬ್ಬರ ಮನೆಯಲ್ಲಿ ಬಾಳುವೆ ಮಾಡಿದರೆ ಹೀಗೇ. ನಾಳೆ ಬಂದು ಎಲ್ಲ ನನಗೆ ಒಪ್ಪಿಸು.

ಇವಳು ಕರೆಯ ಸದ್ದು ಮುಚ್ಚಿ ನಮ್ಮ ಕಡೆ ನೋಡಿದಳು. ಕಣ್ಣು ತುಂಬಿತ್ತು. ಬೀಗರು ಮೆಲ್ಲಗೆ ಅಂದರು: "ಪುಟ್ಟಿ, ಹೇಳ್ಬಿಡು. ಮನೇಲಿ ವಯಸ್ಸಾದವರೊಬ್ರು ಕೈ ಹಾಕಿದ್ರು, ವೈರ್ ಕಿತ್ರು, ಅಂತ. ನಿಜ ತಾನೆ? ನಿನ್ ತಪ್ಪೇನಿದೆ ಇದರಲ್ಲಿ? ಎರಡು ದಿನ ಮತ್ತೆ ಕೇಳು, ಕೊಡ್ತಾನೆ."

ಅವರ ಬಾಯಿಂದ ಬಂದದ್ದು ಅಂತ ಮೈ ಉರಿಯಿತು. ಆದರೆ ಮಾತು ಸರಿಯಿತ್ತು. ನಾನೂ ಅಂದೆ, "ಹೌದವಾ, ನನ್ನ ಮ್ಯಾಲ ಹಾಕು. ನಾನೇನು ಆ ಗಡ್ಡದವನ ಮನೀಗೆ ಹೆಣ್ಣು ಕೇಳಾಕ ಹೋಗಬೇಕೈತೇನು?"

ಅವಳು ತಲೆ ಅಲ್ಲಾಡಿಸಿದಳು. ವೈರನ್ನು ಕಿತ್ತಳು. ಒಂದಷ್ಟು ಹೊತ್ತು ಕಾದಳು. ಸುದ್ದಿ ನಿಂತಿತು. ಮತ್ತೆ ವೈರು ಹಾಕಿದಳು. ಸುದ್ದಿ ಬಂತು.

"ತಾತಾ," ಅಂದಳು ಬೀಗರಿಗೆ. ಅವರು ತಾತ, ನಾನು ಅಜ್ಜ. "ಕೇರ್ ಹೋಮ್‌ನಲ್ಲಿ ಈ ವೈರ್ ಇರಲ್ಲ. ಒಂದು ಬಾಕ್ಸಿಗೂ ಇರಲ್ಲ."

ಅಂದರೆ ಅಲ್ಲೂ ಇದು ಹೀಗೇ ಮಾತು ನಿಲ್ಲಿಸುತ್ತದೆ.

ಅವಳು ಕರೆಯ ಸದ್ದು ತೆರೆದು, ನೆಟ್ಟಗೆ ಕೂತು ಹೇಳಿದಳು. ಯಾರೂ ಏನೂ ಮಾಡಿಲ್ಲ, ತಪ್ಪು ನನ್ನ ಪ್ರೋಗ್ರಾಮಿನಲ್ಲೇ ಇದೆ, ವೈರು ಇದ್ದಾಗ ಅಡಗುತ್ತದೆ, ವೈರು ತೆಗೆದರೆ ಬರುತ್ತದೆ. ನಾಳೆ ವೈರಿಲ್ಲದೆ ತರುತ್ತೇನೆ, ಆಫೀಸಿನ ಫ್ರಿಜ್ಜಿಗೇ ಹಾಕೋಣ. ಸಂಜೆಯವರೆಗೆ ಒಂದು ಸಲ ಬಾಯಿ ಮುಚ್ಚಿದರೂ ನಾನೇ ಎಲ್ಲ ಒಪ್ಪಿಸಿ ಹೋಗುತ್ತೇನೆ. ಗಡ್ಡದವ ಒಪ್ಪಿದ. ಬೀಳುವವರನ್ನು ಇನ್ನೊಂದು ಸಲ ಬೀಳಿಸಿ ನೋಡುವ ಆಸೆ ಯಾರಿಗಿಲ್ಲ?

ಕರೆ ಮುಗಿದ ಮೇಲೆ ಮಗಳು ಹೋಳಿಗೆ ಬಡಿಸಿದಳು. ಬಡಿಸಿದಳು ಅನ್ನುವುದಕ್ಕಿಂತ ತಾಟಿಗೆ ಒಗೆದಳು. ಯಾರೂ ಯಾರ ಮುಖವನ್ನೂ ನೋಡದೆ ಉಂಡೆವು. "ಮೈಸೂರು ಕಡೆ ಇದನ್ನ ಇನ್ನೂ ತೆಳ್ಳಗೆ ಮಾಡ್ತಾರೆ," ಅಂದರು ಬೀಗರು. "ತೆಳ್ಳಗ ಮಾಡಿದ್ರ ಹರದ ಹೋಗ್ತಾವು," ಅಂದೆ ನಾನು.

ಮೊಮ್ಮಗಳು ಉಣ್ಣಲಿಲ್ಲ. ಅವಳ ತೊಂದರೆ ಏನೆಂದರೆ, ತಪ್ಪು ಬರುವುದು ವೈರು ಇಲ್ಲದಾಗ. ಒಳಗೆ ಏನಾಗುತ್ತಿದೆ ಅಂತ ನೋಡಬೇಕಾದರೆ ವೈರೇ ಬೇಕು. ಸಾಹೇಬರು ತಪಾಸಣೆಗೆ ಬಂದ ದಿನ ಶಾಲೆಯ ಹುಡುಗರೆಲ್ಲ ಕೈಕಟ್ಟಿ ಕೂರುತ್ತಾರಲ್ಲ, ಹಾಗೆ. ಯಾರು ತುಂಟ ಅಂತ ಸಾಹೇಬರಿಗೆ ತಿಳಿಯುವುದು ಹೇಗೆ? ಅವಳು ಒಂದು ಉಪಾಯ ಮಾಡಿದಳು. ಪೆಟ್ಟಿಗೆಯ ಕೆಂಪು ದೀಪ ಮೋಡೆಮ್ಮಿನದು, ಅಂದರೆ ಓನರ್‌ನದು. ಹಸಿರು ದೀಪ ಇವಳ ಪ್ರೋಗ್ರಾಮಿನದು, ಲಾಡ್ಜರ್‌ನದು. ಪ್ರೋಗ್ರಾಮು ಎಚ್ಚರ ಇದ್ದಾಗಲೆಲ್ಲ ಹಸಿರು ಮಿಂಚುವ ಹಾಗೆ ಬರೆದಳು. ವೈರು ಕಿತ್ತಳು. "ಯಾರಾದ್ರೂ ಇದನ್ನ ನೋಡ್ತಾ ಕೂತ್ಕೋಬೇಕು. ನಾನು ಮ್ಯಾನುವಲ್ ಓದಬೇಕು," ಅಂದಳು.

"ನಾನು ಕೂಡ್ತೀನಿ," ಅಂದೆ.

"ಇವರು ಹೇಳಿದ್ದನ್ನ ನಂಬೋದು ಹೇಗೆ? ನಾನೂ ಕೂತ್ಕೋತೀನಿ," ಅಂದರು ಬೀಗರು.

ಹೀಗೆ ನಾವಿಬ್ಬರೂ ಫ್ರಿಜ್ಜಿನ ಮುಂದೆ ಎರಡು ಕುರ್ಚಿ ಹಾಕಿ, ಬಸ್ಸು ಕಾಯುವವರ ಹಾಗೆ ಕತ್ತೆತ್ತಿ ಕೂತೆವು.

"ಕೆಂಪು ಮಿಂಚ್ತು," ಅಂದರು.

"ಅದು ಎಲ್ಲಾರಿಗೂ ಕಾಣತೈತಿ. ಹಸರ ಹೇಳ್ರಿ."

"ಹಸಿರೂ ಮಿಂಚ್ತು."

"ಎಲ್ಲಿ ಮಿಂಚಿತು? ನಿಮ್ಮ ಕನ್ನಡಕದಾಗ ಟ್ಯೂಬ್‌ಲೈಟ್ ಕುಣ್ಯಾಕತ್ತೈತಿ."

"ನನ್ನ ಕಣ್ಣು ಆಪರೇಷನ್ ಆಗಿರೋದು ರೀ. ಹೊಸ ಲೆನ್ಸು."

"ಲೆನ್ಸ್ ಹೊಸಾದು, ನೋಡಾವ ಹಳಬ."

"ಸೂಜಿಗೆ ದಾರ ಹಾಕೋದೇ ದೊಡ್ಡ ವಿದ್ಯೆ ಅಂದ್ಕೊಂಡಿದೀರಿ ನೀವು."

"ನಿಮ್ಮ ಪ್ಯಾಂಟು ಉಳಿಸಿದ ವಿದ್ಯಾ ಅದ, ಮರೀಬ್ಯಾಡ್ರಿ."

ಮೇಜಿನಿಂದ ಮೊಮ್ಮಗಳು ಚೀರಿದಳು: "ಇಬ್ರೂ ಸುಮ್ನಿರಿ! ಗ್ರೀನ್ ಇದೆಯಾ, ಇಲ್ವಾ?"

ನಾವು ನೋಡಿದೆವು. ಕೆಂಪು ಬಹಳ ನಿಧಾನವಾಗಿ, ನಿದ್ದೆಯಲ್ಲಿ ಉಸಿರಾಡಿದ ಹಾಗೆ, ಬರುತ್ತಿತ್ತು, ಹೋಗುತ್ತಿತ್ತು. ಹಸಿರಿನ ಜಾಗದಲ್ಲಿ ಕತ್ತಲು. ಕಾದೆವು. ಇನ್ನೂ ಕಾದೆವು. ಮಕ್ಕಳ ಮದುವೆಯಾದಾಗಿನಿಂದ ಒಂದು ಮಾತಿಗೂ ಹೊಂದದ ಇಬ್ಬರ ಬಾಯಿಂದ ಒಟ್ಟಿಗೆ ಬಂತು:

"ಹಸಿರು ಇಲ್ಲ."

"ಹಸರ ಇಲ್ಲ."

ಒಬ್ಬರ ಮುಖ ಒಬ್ಬರು ನೋಡಿ, ತಪ್ಪು ಮಾಡಿದವರ ಹಾಗೆ ಬೇರೆ ಕಡೆ ತಿರುಗಿದೆವು.

ಮೊಮ್ಮಗಳು ಬಂದು ನಮ್ಮಿಬ್ಬರ ನಡುವೆ ನಿಂತು ಆ ಕೆಂಪನ್ನು ನೋಡಿದಳು. ಅವಳ ಮುಖ ಬದಲಾಯಿತು. "ಓನರ್ ನಿದ್ದೆ ಮಾಡ್ತಿದಾನೆ," ಅಂದಳು. ಆಮೇಲೆ ನನಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದಳು. ವೈರು ಇಲ್ಲದಾಗ ಬ್ಯಾಟರಿ ಉಳಿಸುವುದಕ್ಕೆ ಮೋಡೆಮು ಆಗಾಗ ಮಲಗುತ್ತದೆ. ಮಲಗುವಾಗ ಮನೆಯ ಮೇನ್ ಸ್ವಿಚ್ಚು ಆರಿಸಿಬಿಡುತ್ತದೆ. ಮೇಲಿನ ರೂಮಿನ ಲಾಡ್ಜರನ ಗಡಿಯಾರವೂ ನಿಲ್ಲುತ್ತದೆ. ಇಷ್ಟು ಹೊತ್ತಿಗೆ ಏಳಬೇಕು ಅಂತ ಅವನು ಅದೇ ಗಡಿಯಾರ ನಂಬಿಕೊಂಡು ಮಲಗಿದ್ದಾನೆ, ಪಾಪ. ನಿಂತ ಗಡಿಯಾರ ಅವನನ್ನು ಎಬ್ಬಿಸುವುದು ಯಾವಾಗ?

"ಹಂಗಾರ ವೈರ್ ಇದ್ದಾಗ?"

"ವೈರ್ ಇದ್ರೆ ಗೆಸ್ಟ್ ಬಂದು ಹಾಲಲ್ಲಿ ಕೂತ ಹಾಗೆ ಅಜ್ಜಾ. ಓನರ್ ಮಲಗೋದೇ ಇಲ್ಲ."

ಅಂದರೆ ಬೇಸಿಗೆಯಿಂದ ಇವಳು ಆ ಮನೆಯ ಹಾಲಿನಲ್ಲಿ ನೆಂಟರನ್ನು ಕೂರಿಸಿಕೊಂಡೇ, ಈ ಮನೆಯವರು ನಿದ್ದೆ ಮಾಡುವುದಿಲ್ಲ, ಎಷ್ಟು ಒಳ್ಳೆಯವರು ಅಂತ ತಿಳಿದಿದ್ದಳು.

ಮದ್ದು ಸಣ್ಣದಿತ್ತು, ಅವಳಿಗೆ. ಪ್ರೋಗ್ರಾಮು ತನ್ನ ಗಡಿಯಾರ ನಂಬುವುದನ್ನು ಬಿಟ್ಟು, ಮಲಗುವ ಮೊದಲು ಓನರ್‌ಗೇ ಹೇಳಿ ಮಲಗಬೇಕು: ಇಷ್ಟು ಹೊತ್ತಿಗೆ ನಿಮ್ಮ ಅಲಾರಂ ಹೊಡೆಯಲಿ, ಎದ್ದು ನನ್ನ ಬಾಗಿಲು ತಟ್ಟಿ. ಓನರ್ ಮಲಗಿದರೂ ಅವನ ದಿಂಬಿನ ಕೆಳಗಿನ ಒಂದು ಅಲಾರಂ ಮಾತ್ರ ನಡೆಯುತ್ತಲೇ ಇರುತ್ತದಂತೆ. ಬೆಳಕು ಇಳಿಯುವುದರೊಳಗೆ ಬರೆದು ಹಾಕಿದಳು. ವೈರು ಕಿತ್ತಳು. ಕೆಂಪು ನಿದ್ದೆಗೆ ಜಾರಿತು. ಹಸಿರು ಕತ್ತಲಾಯಿತು. ಬೀಗರು ನನ್ನ ಮುಂಗೈ ಹಿಡಿದರು. ಹಿಡಿದದ್ದು ಅವರಿಗೆ ಗೊತ್ತಾದಂತೆ ಇರಲಿಲ್ಲ.

ಹಸಿರು ಮಿಂಚಿತು. ಅವಳ ಫೋನು ಟಣ್ ಅಂದಿತು.

ನಾನು ಕುರ್ಚಿಯಿಂದ ಎದ್ದು ಕುಣಿದೆ. ಮೊಣಕಾಲು ಬೇಡ ಅಂದಿತು, ಕೇಳಲಿಲ್ಲ. ಬೀಗರು ಮುಂಗೈ ಬಿಟ್ಟು, "ಇನ್ನೂ ನಾಳೆ ಇದೆ, ಈಗಲೇ ಕುಣೀಬೇಡಿ," ಅಂದರು. ಶುಭ ನುಡಿ ಅಂದರೆ ಗೂಬೆ ಕಾಣುತ್ತದೆ ಅನ್ನುವವರು... ಇರಲಿ.

ಸೋಮವಾರ ದಶಮಿ. ಅವಳು ಪೆಟ್ಟಿಗೆಯನ್ನು ಊಟದ ಡಬ್ಬಿಯ ಚೀಲದಲ್ಲಿ ಇಟ್ಟುಕೊಂಡು ರೈಲು ಹತ್ತಿದಳು. ಬೀಗರು ಹಿಂದಿನ ರಾತ್ರಿ ತಮ್ಮ ಮನೆಗೆ ಹೋಗಿರಲಿಲ್ಲ. ಸೊಂಟ ನೋವು ಅಂದರು. ಆ ಸೊಂಟಕ್ಕೂ ಅವಳ ಫಲಿತಾಂಶ ಬೇಕಿತ್ತು. ಮಗಳು ಕೆಲಸಕ್ಕೆ ಹೋದಳು. ಮನೆಯಲ್ಲಿ ನಾವಿಬ್ಬರು. ಟಿವಿಯಲ್ಲಿ ಏನು ನೋಡಬೇಕು ಅನ್ನುವುದಕ್ಕೂ ಮಾತು ಬೆಳೆದು, ಕೊನೆಗೆ ಅದನ್ನು ಆರಿಸಿ ಕೂತೆವು. ಸಂಜೆಯವರೆಗೆ ಒಂದು ಸಲ ಬಾಯಿ ಮುಚ್ಚಿದರೆ ಮುಗಿಯಿತು.

ಮಧ್ಯಾಹ್ನ ತಡೆಯಲಾರದೆ ಫ್ರಿಜ್ ತೆಗೆದೆ. ತಲೆಯ ಮೇಲೆ ಪೆಟ್ಟಿಗೆ ಇರಲಿಲ್ಲ. ಎಷ್ಟು ಬಿಕೋ ಅನ್ನುತ್ತಿತ್ತು ಅಂದರೆ, ಬಯ್ಯೋಣ ಅಂದರೂ ಯಾರೂ ಇಲ್ಲ. ಪೇಢೆ ತೆಗೆದು ತಿರುಗಿದರೆ ಹಿಂದೆ ಬೀಗರು.

"ನಿಮ್ಮ ಶುಗರ್ ಎಷ್ಟಿದೆ ಗೊತ್ತಾ?"

"ನಿಮ್ಮದು?"

ಅವರು ಬಾಗಿಲ ಕಡೆ ಒಂದು ಸಲ ನೋಡಿ ಕೈ ಚಾಚಿದರು. ಮುರಿದು ಅರ್ಧ ಕೊಟ್ಟೆ. ತಿಂದರು. ಬಾಯಿ ಒರೆಸಿಕೊಂಡರು. ಸಂಜೆ ಮಗಳು ಬಂದ ಕೂಡಲೇ, "ಏನಮ್ಮಾ, ನಿಮ್ಮ ತಂದೆ ಇವತ್ತು ಪೇಢ ತಿಂದ್ರು," ಅಂದರು. ಪೆಟ್ಟಿಗೆ ಇಲ್ಲದ ದಿನ ಪೆಟ್ಟಿಗೆಯ ಕೆಲಸ ಅವರೇ ಮಾಡಿದರು. ಆ ಪೆಟ್ಟಿಗೆಗಾದರೂ ನಿಯತ್ತು ಇತ್ತು, ಪಾಲು ತಿಂದು ಚಾಡಿ ಹೇಳುತ್ತಿರಲಿಲ್ಲ.

ಅದರ ಮೇಲೆ ನಮ್ಮ ಜಗಳ ಏರುತ್ತಿರುವಾಗಲೇ ಬೀಗದ ಕೈ ತಿರುಗಿದ ಸದ್ದಾಯಿತು. ಮೊಮ್ಮಗಳು. ಕೋಟು ಕೂಡ ತೆಗೆಯಲಿಲ್ಲ. ಚೀಲವನ್ನು ನಿಧಾನವಾಗಿ ಮೇಜಿನ ಮೇಲೆ ಇಟ್ಟಳು, ನಮ್ಮ ಮೂವರ ಜೀವ ತಿನ್ನುವುದಕ್ಕೆ.

"ಒಂದು ಸಲಾನೂ ನಿಲ್ಲಲಿಲ್ಲ," ಅಂದಳು. "ಅಜ್ಜಾ, ಒಂದು ಸಲಾನೂ."

ಗಡ್ಡದವ ಏನಂದ ಅಂತ ಕೇಳಿದೆ. ಮೂತಿ ಉದ್ದ ಮಾಡಿ "ಫೈನ್" ಅಂದನಂತೆ, ಅಷ್ಟೇ. ಆಮೇಲೆ ಹೋಗುವ ಹೊತ್ತಿಗೆ ಕರೆದು, ನಿನಗೆ ವೈರು ತೆಗೆದು ನೋಡುವ ಬುದ್ಧಿ ಹೇಗೆ ಬಂತು, ನಮ್ಮ ಹಳೆಯ ಪೆಟ್ಟಿಗೆಯನ್ನೂ ನಾವು ಹಾಗೆ ನೋಡಿರಲಿಲ್ಲ ಅಂದನಂತೆ. ಇವಳು ಹೇಳಿದಳಂತೆ: ನಮ್ಮ ಮನೆಯಲ್ಲಿ ವರ್ಷಕ್ಕೊಂದು ದಿನ ಯಂತ್ರಕ್ಕೆ ರಜೆ ಕೊಡುತ್ತಾರೆ. ಇನ್ನು ಮೇಲೆ ಅವರ ಆಫೀಸಿನಲ್ಲಿ ಪ್ರತಿ ಹೊಸ ಪೆಟ್ಟಿಗೆಗೂ ಒಂದು ದಿನ ವೈರು ಬಿಚ್ಚಿ ಇಡಬೇಕು ಅಂತ ಆಗಿದೆ. ಕುಂಕುಮ ಇಲ್ಲ, ಆದರೂ ಸಾಕು. ಅವಳ ತಲೆ ಹಿಡಿದು ಎದೆಗೆ ಒತ್ತಿಕೊಂಡೆ. "ಅಜ್ಜಾ, ಉಸಿರು!" ಅಂದಳು.

ಆಮೇಲೆ ಬನ್ನಿ. ನಮ್ಮ ಕಡೆ ದಶಮಿಯ ಸಂಜೆ ಬನ್ನಿ ಎಲೆಯನ್ನು ಬಂಗಾರ ಅಂತ ಒಬ್ಬರಿಗೊಬ್ಬರು ಕೊಡುತ್ತಾರೆ. ಅವತ್ತು ಮಾತು ಬಿಟ್ಟವರು ಕೂಡ ಕೊಡಬೇಕು. ಮಗಳ ಹತ್ತಿರ ಊರಿಂದ ಬಂದ ಒಣಗಿದ ಎಲೆ ಇದ್ದವು. ಮೊಮ್ಮಗಳು ನನ್ನ ಕಾಲು ಮುಟ್ಟಿ ಎಲೆ ಕೊಟ್ಟಳು. "ಬಂಗಾರದಂಗ ಇರೋಣ," ಅಂದಳು, ಆ ಇಂಗ್ಲಿಷ್ ನಾಲಗೆಯಲ್ಲಿ, ಹುಬ್ಬಳ್ಳಿ ಮಾತು! ನಾನು ಅತ್ತೆ. ಅಳಲಿಲ್ಲ ಅಂತ ಸುಳ್ಳು ಯಾಕೆ ಬರೆಯಲಿ?

ಉಳಿದದ್ದು ನಾವಿ‌ಬ್ಬರು. ಸಣ್ಣವರು ದೊಡ್ಡವರಿಗೆ ಮೊದಲು ಕೊಡಬೇಕು.

"ನೀವೇ ಸಣ್ಣವರು, ಬರ್ರಿ," ಅಂದೆ.

"ನಾನು ನಿಮಗಿಂತ ದೊಡ್ಡವನು ರೀ. ಪಾಸ್‌ಪೋರ್ಟ್ ತರಿಸ್ಲಾ?"

"ಹೆಣ್ಣಿನ ಕಡೆಯವ್ರು ಮೊದಲ ಕೊಡಬೇಕಂತ ಎಲ್ಲೂ ಇಲ್ಲ."

"ಇಬ್ರೂ ಒಟ್ಟಿಗೆ!" ಅಂದಳು ಮೊಮ್ಮಗಳು, ದೀಪ ನೋಡುತ್ತಿದ್ದಾಗ ಚೀರಿದ ಅದೇ ದನಿಯಲ್ಲಿ. ಒಟ್ಟಿಗೆ ಕೈ ಚಾಚಿದೆವು. ಅವರ ಎಲೆ ನನ್ನ ಕೈಗೆ, ನನ್ನದು ಅವರ ಕೈಗೆ. ಅವರು ಅದನ್ನು ಎರಡು ಬೆರಳಲ್ಲಿ ಹಿಡಿದು, ಮಾತ್ರೆಯ ಹಾಗೆ ನೋಡಿ ಅಂಗಿಯ ಜೇಬಿಗೆ ಹಾಕಿಕೊಂಡರು. "ಬಂಗಾರದ ಹಾಗೆ ಇರೋಣ," ಅಂದರು.

"ಇರೋಣ."

"ಅಂದ ಹಾಗೆ," ಅಂದರು, "ಹಸಿರು ದೀಪ ಇಲ್ಲ ಅಂತ ಮೊದಲು ಹೇಳಿದ್ದು ನಾನು."